ಸಮಬಲದ ಚುನಾವಣೆಯಲ್ಲಿ ಸಮೀಕ್ಷೆಯ ಪ್ರಾಮಾಣ್ಯ: ಕುಂದಗೋಳದ 634 ಮತಗಳು

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕೆಂಬುದು ನಮ್ಮಲ್ಲಿ ಹಳೆಯ ಮಾತು. ಜನಾಭಿಪ್ರಾಯ ಸಮೀಕ್ಷೆಯ ಸಮರ್ಥಕರು ತಮ್ಮ ಶಾಸ್ತ್ರದ ಸಾರವೆಲ್ಲ ಈ ಮಾತಿನಲ್ಲಿ ಅಡಗಿದೆಯೆಂದು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ಅದು ಅನ್ನವುಣ್ಣುವ ಸೀಮೆಯಲ್ಲಿ ಹುಟ್ಟಿದ ಮಾತು. ಧಾರವಾಡ ಸೀಮೆಯ ಅಡುಗೆಮನೆಗಳಲ್ಲಿ ಬೇಯುವುದು ಜೋಳದ ರೊಟ್ಟಿ. ಹಂಚಿನ ಮೇಲಿನ ಒಂದು ರೊಟ್ಟಿ ಚೆನ್ನಾಗಿ ಬೆಂದಿತೆಂದು ಮುಂದಿನದೂ ಹಾಗೆಯೇ ಬೆಂದೀತೆಂಬ ಭರವಸೆಯನ್ನು ಯಾವ ತಾಯಿಯೂ ಕೊಡಲಾರಳು. ಒಂದು ರಾಜ್ಯದ 224 ಕ್ಷೇತ್ರಗಳನ್ನು ಒಂದೇ ಗಡಿಗೆಯ ಅಗುಳುಗಳೆಂದು ಎಣಿಸಬೇಕೋ, ಒಂದೊಂದಾಗಿ ಬೇಯುವ ರೊಟ್ಟಿಗಳೆಂದು ಎಣಿಸಬೇಕೋ ಎಂಬ ಪ್ರಶ್ನೆಯೇ ಈ ಲೇಖನದ ವಿಷಯ. ಸಮೀಕ್ಷೆಗಳು ಸುಳ್ಳೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಎರಡು ಪಕ್ಷಗಳು ಸಮಬಲದಿಂದ ಹೋರಾಡುವಲ್ಲಿ ಗೆಲ್ಲುವವರ ಹೆಸರು ಹೇಳುವ ಶಕ್ತಿ ಸಮೀಕ್ಷೆಗೆ ಸ್ವಭಾವತಃ ಇಲ್ಲ. ಇದ್ದಂತೆ ನಟಿಸುವುದೇ ಅದರ ದೋಷ ಎಂಬುದಿಷ್ಟೇ ನಮ್ಮ ವಾದ.

ಈ ಶಾಸ್ತ್ರವು ಬೆಳೆದದ್ದು ಅಮೆರಿಕದ ಅಧ್ಯಕ್ಷ ಚುನಾವಣೆಯ ನೆರಳಿನಲ್ಲಿ. ನಮ್ಮ ರಾಷ್ಟ್ರಪತಿಗಳನ್ನು ಸಂಸದರೂ ಶಾಸಕರೂ ಆರಿಸುವುದರಿಂದ ಅಲ್ಲಿ ಜನಸಾಮಾನ್ಯರನ್ನು ಕೇಳುವ ಪ್ರಮೇಯವೇ ಇಲ್ಲ. ಆದ್ದರಿಂದ ಮೂಲವನ್ನು ಅಮೆರಿಕದಲ್ಲಿಯೇ ನೋಡಬೇಕು. 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಸುಮಾರು ಒಂದು ಕೋಟಿ ಜನರಿಗೆ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುವನೆಂದು ಸಾರಿತು. ರೂಸ್‌ವೆಲ್ಟ್ 48 ಸಂಸ್ಥಾನಗಳಲ್ಲಿ 46ನ್ನು ಗೆದ್ದನು. ವಿಳಾಸಗಳನ್ನು ಆರಿಸಿದ್ದು ಬಹುಮಟ್ಟಿಗೆ ಟೆಲಿಫೋನು ಮತ್ತು ಮೋಟಾರು ಉಳ್ಳವರ ಪಟ್ಟಿಗಳಿಂದ; ಉತ್ತರಿಸುವ ಶ್ರಮ ತೆಗೆದುಕೊಂಡವರೂ ಒಂದು ಬಗೆಯವರೇ. ಸಂಖ್ಯೆ ದೊಡ್ಡದಾದರೆ ಸತ್ಯ ಸಿಕ್ಕೀತೆಂಬ ನಂಬಿಕೆ ಅಂದಿಗೇ ಮುರಿಯಿತು. ಅದೇ ವರ್ಷ ಜಾರ್ಜ್ ಗ್ಯಾಲಪ್ ಬಹು ಕಡಿಮೆ ಜನರನ್ನು ಕೇಳಿ ರೂಸ್‌ವೆಲ್ಟನ ಗೆಲುವನ್ನು ಹೇಳಿ ಕೀರ್ತಿವಂತನಾದನು. ಆತನ ಅಂಕಿಯೂ ವಾಸ್ತವಕ್ಕಿಂತ ಶೇಕಡ ಆರೇಳರಷ್ಟು ಕೆಳಗಿತ್ತೆಂಬುದನ್ನು ಮಾತ್ರ ಯಾರೂ ಎತ್ತಿ ಆಡಲಿಲ್ಲ. ಗೆದ್ದವನ ಹೆಸರು ಸರಿಯಾದರೆ ಲೆಕ್ಕದ ತಪ್ಪು ಮಾಫಿ ಎಂಬ ಸಂಪ್ರದಾಯವೂ ಅಂದಿನಿಂದಲೇ ಬಂದಿರಬೇಕು.

ಹನ್ನೆರಡು ವರ್ಷಗಳಲ್ಲಿ ಆ ಕೀರ್ತಿಗೆ ಪೆಟ್ಟು ಬಿದ್ದಿತು. 1948ರಲ್ಲಿ ಗ್ಯಾಲಪನ ಕೊನೆಯ ಅಂಕಿ ಡ್ಯೂಯಿಗೆ 49.5, ಟ್ರೂಮನ್‌ನಿಗೆ 44.5; ಫಲಿತಾಂಶ ಹೆಚ್ಚುಕಡಿಮೆ ಇದರ ತಿರುವುಮುರುವು. ಯಾರನ್ನು ಕೇಳಬೇಕೆಂಬುದನ್ನು ಗೊತ್ತಾದ ಪಾಲಿನೊಳಗೆ ಪ್ರಶ್ನೆ ಕೇಳುವವರ ಇಚ್ಛೆಗೇ ಬಿಟ್ಟದ್ದು ಒಂದು ದೋಷ, ಮತದಾನಕ್ಕೆ ವಾರಗಟ್ಟಲೆ ಮುಂಚೆಯೇ ಕೇಳುವುದನ್ನು ನಿಲ್ಲಿಸಿದ್ದು ಇನ್ನೊಂದು. ವಿಧಾನ ಆಮೇಲೆ ಸುಧಾರಿಸಿತು. 2016ರಲ್ಲಿ ದೇಶವ್ಯಾಪಿ ಸಮೀಕ್ಷೆಗಳು ಕ್ಲಿಂಟನ್ ಸುಮಾರು ಮೂರು ಅಂಶ ಮುಂದಿರುವಳೆಂದವು, ಆಕೆಗೆ ದೊರೆತ ಮುನ್ನಡೆ 2.1 ಅಂಶ. ಲೆಕ್ಕ ಬಹಳ ತಪ್ಪಲಿಲ್ಲ, ಆದರೂ ಆಕೆ ಸೋತಳು; ಏಕೆಂದರೆ ಅಧ್ಯಕ್ಷನನ್ನು ನಿರ್ಣಯಿಸಿದ್ದು ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಈ ಮೂರು ಸಂಸ್ಥಾನಗಳಲ್ಲಿಯ ಒಟ್ಟು 78 ಸಾವಿರದಷ್ಟು ಮತಗಳು. 2020ರಲ್ಲಿ ಹೆಸರು ಸರಿಯಾಯಿತು, ಅಂಕಿ ಮಾತ್ರ ನಾಲ್ವತ್ತು ವರ್ಷಗಳಲ್ಲಿಯೇ ಹೆಚ್ಚು ತಪ್ಪಿತು. 2024ರಲ್ಲಿ ಬಹುಕಾಲದ ವಿಶ್ವಾಸ ಗಳಿಸಿದ್ದ ಆನ್ ಸೆಲ್ಝರ್ ಅವರ ಸಮೀಕ್ಷೆಯು ಅಯೋವಾ ಸಂಸ್ಥಾನದಲ್ಲಿ ಹ್ಯಾರಿಸ್ ಮೂರು ಅಂಶ ಮುಂದೆಂದಿತು. ಟ್ರಂಪ್ ಅಲ್ಲಿ 13 ಅಂಶಗಳಿಂದ ಗೆದ್ದನು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು 2000ದ ಫ್ಲಾರಿಡಾ. ಸುಮಾರು 60 ಲಕ್ಷ ಮತಗಳಲ್ಲಿ ಬುಷ್‌ನ ಮುನ್ನಡೆ 537. ಆ ರಾತ್ರಿ ದೂರದರ್ಶನ ಸಂಸ್ಥೆಗಳು ಆ ಸಂಸ್ಥಾನವನ್ನು ಮೊದಲು ಗೋರ್‌ನಿಗೆ ಕೊಟ್ಟು, ಹಿಂದಕ್ಕೆ ಪಡೆದು, ಬುಷ್‌ನಿಗೆ ಕೊಟ್ಟು, ಮತ್ತೆ ಹಿಂದಕ್ಕೆ ಪಡೆದವು. ಈ ಅಂಕಿಯನ್ನು ಓದುವಾಗಲೆಲ್ಲ ನಮಗೆ ನೆನಪಾಗುವುದು ನಮ್ಮ ಮಗ್ಗುಲಿನ ಇನ್ನೊಂದು ಅಂಕಿ.

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸಾಗುವ ರೈಲುದಾರಿಯ ಮೇಲಿನ ಸಂಶಿಯು ಕುಂದಗೋಳ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಊರು. ಸುತ್ತಲೂ ಎರೆ ಭೂಮಿ. ಹತ್ತಿ, ಮೆಣಸಿನಕಾಯಿ, ಶೇಂಗಾ, ಕಡಲೆ. 2018ರ ಮೇ ತಿಂಗಳ ಚುನಾವಣೆಯಲ್ಲಿ ಈ ಕ್ಷೇತ್ರದಿಂದ ಕಾಂಗ್ರೆಸ್ಸಿನ ಸಿ. ಎಸ್. ಶಿವಳ್ಳಿಯವರಿಗೆ 64,871 ಮತಗಳೂ ಭಾರತೀಯ ಜನತಾ ಪಕ್ಷದ ಎಸ್. ಐ. ಚಿಕ್ಕನಗೌಡರ ಅವರಿಗೆ 64,237 ಮತಗಳೂ ಬಂದವು. ಅಂತರ 634. ಮೂರನೆಯವರಾದ ಜನತಾದಳದ ಅಭ್ಯರ್ಥಿಯು ಪಡೆದದ್ದೇ ಏಳು ಸಾವಿರಕ್ಕೂ ಮಿಕ್ಕಿ, ಎಂದರೆ ಅಂತರದ ಹನ್ನೊಂದು ಪಟ್ಟಿಗಿಂತ ಹೆಚ್ಚು. ಇಂಥ ಕ್ಷೇತ್ರದಲ್ಲಿ ಸಮೀಕ್ಷಕನು ಏನು ಮಾಡಬಲ್ಲನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಮೊದಲಿಬ್ಬರು ಪಡೆದ ಮತಗಳು ಒಟ್ಟು 1,29,108. ಇದರಲ್ಲಿ ಗೆದ್ದವರ ಪಾಲು ಶೇಕಡ 50.25ಕ್ಕಿಂತ ಕಡಿಮೆ. ಸಮೀಕ್ಷಕನು ಯಾವ ಪಕ್ಷಪಾತವೂ ಇಲ್ಲದೆ, ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸಿದನೆಂದೂ, ಪ್ರತಿಯೊಬ್ಬರೂ ಬಾಗಿಲು ತೆರೆದು ನಿಜವನ್ನೇ ನುಡಿದರೆಂದೂ ಇಟ್ಟುಕೊಳ್ಳೋಣ. ಇಂಥ ಧರ್ಮರಾಜ್ಯದಲ್ಲಿ ಕೂಡ ಸಾವಿರ ಜನರನ್ನು ಕೇಳಿ ಪಡೆದ ಪಾಲಿನಲ್ಲಿ, ನೂರಕ್ಕೆ 95 ಸಲದ ಭರವಸೆಯನ್ನು ಬಯಸಿದರೆ, ಮೂರು ಅಂಶಗಳ ಏರಿಳಿತ ತಪ್ಪದು. ಇಲ್ಲಿ ಹಿಡಿಯಬೇಕಾದ ಸತ್ಯವೋ ಕಾಲು ಅಂಶ. ಅಷ್ಟನ್ನು ಅದೇ ಭರವಸೆಯಿಂದ ಹಿಡಿಯಬೇಕಾದರೆ ಪಠ್ಯಪುಸ್ತಕದ ಸಾಮಾನ್ಯ ಸೂತ್ರದಂತೆ 1,59,000 ಜನರನ್ನು ಕೇಳಬೇಕಾಗುತ್ತದೆ. ಇಬ್ಬರಿಗೂ ಮತ ಕೊಟ್ಟವರೇ ಅಷ್ಟಿಲ್ಲ! ಮತದಾರರ ಸಂಖ್ಯೆ ಮಿತವಾಗಿರುವುದನ್ನು ಗಣನೆಗೆ ತಂದು ಸೂತ್ರವನ್ನು ತಿದ್ದಿದರೆ ಸುಮಾರು 71,000 ಎಂದಾಗುತ್ತದೆ. ಅಂದರೆ ಆ ಇಬ್ಬರಿಗೆ ಮತ ನೀಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಬಾಗಿಲಿಗೆ ಹೋಗಬೇಕು. ಇದಕ್ಕೆ ಸಮೀಕ್ಷೆಯೆಂಬ ಹೆಸರು ಸಲ್ಲದು. ಇದು ಚುನಾವಣೆಯನ್ನೇ ಇನ್ನೊಮ್ಮೆ ನಡೆಸಿದಂತೆ.

ವ್ಯವಹಾರದಲ್ಲಿ ಏನಾಗುತ್ತದೆ? ಕ್ಷೇತ್ರಕ್ಕೆ 300 ಜನರಂತೆ ಕೇಳಿದರೂ ರಾಜ್ಯಕ್ಕೆ 67,200 ಜನರಾಗುತ್ತಾರೆ. ಅದು ದೊಡ್ಡ ಸಮೀಕ್ಷೆಯೇ ಸರಿ. ಆದರೆ 300 ಜನರನ್ನು ಕೇಳಿ ಕುಂದಗೋಳದ ವಿಜೇತನನ್ನು ಸರಿಯಾಗಿ ಗುರುತಿಸುವ ಸಂಭವ, ನಮ್ಮ ಲೆಕ್ಕದಂತೆ, ನೂರಕ್ಕೆ 53. ನಾಣ್ಯವನ್ನು ಚಿಮ್ಮಿ ಹೇಳಿದವನಿಗೂ ನೂರಕ್ಕೆ 50 ಸಲ ಸರಿಯಾಗುತ್ತದೆ. ಅಷ್ಟೆಲ್ಲ ಖರ್ಚಿಗೆ ದೊರೆತ ಲಾಭ ನೂರರಲ್ಲಿ ಮೂರು ಸಲದ್ದು. ಕುಂದಗೋಳವೊಂದೇ ಹೀಗಿದ್ದರೆ ಅದನ್ನು ಅಪವಾದವೆಂದು ಬಿಡಬಹುದಾಗಿತ್ತು. ಅದೇ ಚುನಾವಣೆಯಲ್ಲಿ ನೆರೆಯ ಹಾವೇರಿ ಜಿಲ್ಲೆಯ ಹಿರೇಕೆರೂರಿನಲ್ಲಿ ಅಂತರ 555, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 213. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ 16. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತ.

ಇದುವರೆಗೆ ಹೇಳಿದ್ದು ಆದರ್ಶ ಸ್ಥಿತಿ. ವಾಸ್ತವದಲ್ಲಿ ಮಾದರಿಯನ್ನು ಆರಿಸುವುದೂ ಉತ್ತರವನ್ನು ಪಡೆಯುವುದೂ ಎರಡೂ ಕಷ್ಟ. ಇದನ್ನು ತಿಳಿಯಲು ನಮ್ಮ ರೈತರಿಗೆ ಗೊತ್ತಿರುವ ಇನ್ನೊಂದು ಸಮೀಕ್ಷೆಯ ಕಡೆಗೆ ನೋಡುವುದು ಉಪಯುಕ್ತ. ಹಿಂದೆ ಕಂದಾಯದ ಅಧಿಕಾರಿಗಳು ಹೊಲದ ಬದುವಿನಲ್ಲಿ ನಿಂತು, ಕಣ್ಣಂದಾಜಿನಿಂದ, ಬೆಳೆ ಎಂಟಾಣೆಯೋ ಹತ್ತಾಣೆಯೋ ಎಂದು ಆಣೆವಾರಿ ಹಾಕುತ್ತಿದ್ದರು. 1940ರ ದಶಕದಲ್ಲಿ ಮಹಲನೋಬಿಸ್, ಸುಖಾತ್ಮೆ ಮೊದಲಾದ ವಿದ್ವಾಂಸರು ಈ ಕಣ್ಣಂದಾಜಿನ ಬದಲು ಯಾದೃಚ್ಛಿಕವಾಗಿ ಆರಿಸಿದ ಹೊಲದಲ್ಲಿ ಅಳತೆಯ ತುಂಡನ್ನು ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗವನ್ನು ಬಲಪಡಿಸಿದರು. ಇಂದು ಬೆಳೆ ವಿಮೆಯ ಹಣ ಬರುವುದು ಬಾರದಿರುವುದು ಬಹುಮಟ್ಟಿಗೆ ಈ ಪ್ರಯೋಗದ ತೂಕವನ್ನು ಅವಲಂಬಿಸಿದೆ. ಆದುದರಿಂದ ಮಾದರಿಯೆಂದರೇನೆಂಬುದನ್ನು ಸಂಶಿಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಪಂಚಾಯತಿಯಲ್ಲಿ ನಾಲ್ಕು ಹೊಲಗಳನ್ನು ಕೊಯ್ದು ಎಲ್ಲರ ಬೆಳೆಯನ್ನು ತೂಗಿದಾಗ ಯಾರಿಗೆ ನ್ಯಾಯ, ಯಾರಿಗೆ ಅನ್ಯಾಯವಾಗುವುದೆಂಬುದನ್ನು ಆತ ಚೆನ್ನಾಗಿ ಬಲ್ಲ.

ಆದರೂ ಶೇಂಗಾದ ಬಳ್ಳಿಗೆ ಮನಸ್ಸಿಲ್ಲ. ಅದು ಅಳೆಯುವವನ ಮುಖ ನೋಡಿ ತನ್ನ ತೂಕವನ್ನು ಬದಲಿಸದು. ಕೊಯ್ಲಿನ ಹಿಂದಿನ ರಾತ್ರಿ ಬೇರೆ ವಿಚಾರ ಮಾಡದು. ಹೊಲ ಬಿಟ್ಟು ಹುಬ್ಬಳ್ಳಿಗೆ ಕೂಲಿಗೆ ಹೋಗದು. ಮತದಾರನು ಇವೆಲ್ಲವನ್ನೂ ಮಾಡುತ್ತಾನೆ. ಊರೊಳಗೆ ಬಂದ ಅಪರಿಚಿತ ತರುಣನೊಬ್ಬ, ಕೈಯಲ್ಲಿ ಯಂತ್ರ ಹಿಡಿದು, ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕುಳಿತವನನ್ನು ನಿಮ್ಮ ಮತ ಯಾರಿಗೆಂದು ಕೇಳಿದರೆ, ಆ ನಾಲ್ವರ ಕಿವಿಗೆ ತಕ್ಕ ಉತ್ತರ ಬರುತ್ತದೆಯೇ ಹೊರತು ಮತಯಂತ್ರದ ಮುಂದೆ ಕೊಡುವ ಉತ್ತರವಲ್ಲ. ಹಗಲು ಮನೆಯಲ್ಲಿ ಸಿಗುವವರು ಬೇರೆ, ಹೊಲದಲ್ಲಿರುವವರು ಬೇರೆ. ಮನೆಯ ಹೆಣ್ಣುಮಗಳನ್ನು ಕೇಳಿದರೆ ಅನೇಕ ಸಲ ಉತ್ತರ ಬರುವುದು ಪಡಸಾಲೆಯಲ್ಲಿ ಕುಳಿತ ಗಂಡಸಿನಿಂದ. ಕೇಳುವವನನ್ನು ಸರಕಾರದವನೆಂದೋ ಪಕ್ಷದವನೆಂದೋ ತಿಳಿದು, ಉತ್ತರಿಸಿದರೆ ಯಾವುದೋ ಸವಲತ್ತು ನಿಂತೀತೆಂದು ಶಂಕಿಸುವವರೂ ಉಂಟು. ಇವು ಹೆಚ್ಚು ಜನರನ್ನು ಕೇಳುವುದರಿಂದ ತೀರುವ ದೋಷಗಳಲ್ಲ. ಎಷ್ಟು ಜನರನ್ನು ಕೇಳಿದರೂ ಒಂದೇ ಕಡೆಗೆ ವಾಲುವ ದೋಷಗಳು. ಸಮೀಕ್ಷಾ ಸಂಸ್ಥೆಗಳು ‘ಮೂರು ಅಂಶ ಹೆಚ್ಚು ಅಥವಾ ಕಡಿಮೆ’ ಎಂದು ಅಡಿಯಲ್ಲಿ ಮುದ್ರಿಸುವ ಅಂಕಿಯಲ್ಲಿ ಇವುಗಳಿಗೆ ಸ್ಥಾನವೇ ಇಲ್ಲ. ಅದು ಚೀಟಿ ಎತ್ತುವುದರ ದೋಷದ ಅಳತೆ ಮಾತ್ರ. ಬಾಯಿಯ ದೋಷಕ್ಕೆ ಅಳತೆಗೋಲು ಇನ್ನೂ ಸಿಕ್ಕಿಲ್ಲ.

ಮತಗಳಿಂದ ಸ್ಥಾನಗಳಿಗೆ ದಾಟುವ ಹೆಜ್ಜೆ ಇವೆಲ್ಲಕ್ಕಿಂತ ಜಾರುವ ನೆಲ. 2018ರಲ್ಲಿ ಕರ್ನಾಟಕದ 222 ಕ್ಷೇತ್ರಗಳ ಎಣಿಕೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡ 38ರಷ್ಟು, ಭಾರತೀಯ ಜನತಾ ಪಕ್ಷಕ್ಕೆ ಶೇಕಡ 36ರಷ್ಟು ಮತಗಳು ಬಂದವು. ಆರು ಲಕ್ಷಕ್ಕೂ ಮಿಕ್ಕಿ ಮತಗಳು ಹೆಚ್ಚು ಬಂದ ಪಕ್ಷಕ್ಕೆ 78 ಸ್ಥಾನ, ಕಡಿಮೆ ಬಂದ ಪಕ್ಷಕ್ಕೆ 104. ಮತಗಳ ಪ್ರಮಾಣವನ್ನು ದೋಷವಿಲ್ಲದೆ ಅಳೆದವನೂ ಇಲ್ಲಿ ಸ್ಥಾನಗಳಲ್ಲಿ ತಪ್ಪುವುದು ಸಹಜ. ಹಿಂದಿನ ಚುನಾವಣೆಯಿಂದ ಮತಗಳು ಎಲ್ಲ ಕ್ಷೇತ್ರಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ವಾಲುತ್ತವೆಂಬ ಊಹೆಯ ಮೇಲೆ ಈ ದಾಟುವಿಕೆ ಸಾಮಾನ್ಯವಾಗಿ ನಿಂತಿರುತ್ತದೆ. ಆದರೆ ಹಳೆಯ ಮೈಸೂರಿನ ಸ್ಪರ್ಧೆಯೇ ಬೇರೆ, ಮುಂಬಯಿ ಕರ್ನಾಟಕದ ಸ್ಪರ್ಧೆಯೇ ಬೇರೆ, ಕರಾವಳಿಯದು ಇನ್ನೂ ಬೇರೆ. ಆ ಮೇ 12ರ ಸಂಜೆ ಆಕ್ಸಿಸ್ ಮೈ ಇಂಡಿಯಾ ಸಂಸ್ಥೆಯು ಕಾಂಗ್ರೆಸ್ಸಿಗೆ 106ರಿಂದ 118 ಸ್ಥಾನಗಳನ್ನು ಕೊಟ್ಟಿತು. ಟುಡೇಸ್ ಚಾಣಕ್ಯವು ಭಾರತೀಯ ಜನತಾ ಪಕ್ಷಕ್ಕೆ 11 ಹೆಚ್ಚುಕಡಿಮೆಯೊಡನೆ 120ನ್ನು ಕೊಟ್ಟಿತು. ಮತದಾನ ಮುಗಿದ ಒಂದೇ ಗಳಿಗೆಯಲ್ಲಿ, ಒಂದೇ ರಾಜ್ಯದಲ್ಲಿ, ಎರಡು ಬೇರೆ ಸರಕಾರಗಳು ಹುಟ್ಟಿದವು. ನಿಜವಾಗಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ.

ಇದಕ್ಕೆ ಪ್ರತಿವಾದವುಂಟು, ಅದನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. 2023ರಲ್ಲಿ ಅದೇ ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್ಸಿಗೆ 122ರಿಂದ 140 ಎಂದಿತು, ಬಂದದ್ದು 135. ಇದು ಸಣ್ಣ ಸಾಧನೆಯಲ್ಲ, ಹಲವು ಸಂಸ್ಥೆಗಳು ಆಗ ಅತಂತ್ರ ಸಭೆಯನ್ನೇ ಕಂಡಿದ್ದವು. ಆದರೆ ಆ ವರ್ಷ ಎರಡು ಪಕ್ಷಗಳ ಮತಗಳ ಅಂತರ ಶೇಕಡ ಏಳರಷ್ಟಿತ್ತು. ಕುಂದಗೋಳದಲ್ಲಿಯೂ ಚಿಕ್ಕನಗೌಡರ ಅವರು ಪಕ್ಷದಿಂದ ಹೊರಬಂದು ಸ್ವತಂತ್ರರಾಗಿ ನಿಂತರೂ, ಭಾರತೀಯ ಜನತಾ ಪಕ್ಷದ ಎಂ. ಆರ್. ಪಾಟೀಲರು 35 ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ಇಂಥಲ್ಲಿ ಮಾದರಿ ಚಿಕ್ಕದಾದರೂ ನಡೆದೀತು. ಬಿಗಿಯಾದ ಸ್ಪರ್ಧೆಯಲ್ಲಿ ಗೆದ್ದವರನ್ನು ಹೇಳುವ ಸಾಮರ್ಥ್ಯಕ್ಕೆ ಸಡಿಲವಾದ ಸ್ಪರ್ಧೆಯ ಯಶಸ್ಸನ್ನು ಸಾಕ್ಷಿಯಾಗಿ ತರುವುದು ಸರಿಯಲ್ಲ. ಮರುವರ್ಷವೇ ಅದೇ ಸಂಸ್ಥೆಯು ಲೋಕಸಭೆಯಲ್ಲಿ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟಕ್ಕೆ 361ರಿಂದ 401 ಸ್ಥಾನಗಳನ್ನು ಹೇಳಿತು, ಬಂದದ್ದು 293. ಉಳಿದ ಸಂಸ್ಥೆಗಳೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ತಪ್ಪಿದವು. ಎಲ್ಲರೂ ಒಂದೇ ಕಡೆಗೆ ತಪ್ಪಿದಾಗ ಅದನ್ನು ಚೀಟಿಯ ಆಕಸ್ಮಿಕವೆನ್ನಲು ಬರುವುದಿಲ್ಲ.

ಇದರಿಂದಾಗುವ ಹಾನಿಯೇನು, ಎರಡು ದಿನ ಕಾದರೆ ನಿಜ ತಿಳಿಯುತ್ತದೆಯಲ್ಲವೇ ಎಂದು ಕೆಲವರು ಕೇಳಬಹುದು. 2024ರ ಜೂನ್ 3ರಂದು, ಸಮೀಕ್ಷೆಗಳನ್ನು ನಂಬಿ, ಮುಂಬಯಿಯ ಷೇರು ಸೂಚ್ಯಂಕ ಸುಮಾರು 2,500 ಅಂಶ ಏರಿತು. 4ರಂದು ಎಣಿಕೆ ಸಾಗಿದಂತೆ ಸುಮಾರು 4,390 ಅಂಶ ಕುಸಿಯಿತು. ಏರಿದಾಗ ಕೊಂಡು ಇಳಿದಾಗ ಕಳೆದುಕೊಂಡ ಸಣ್ಣ ಉಳಿತಾಯಗಾರನಿಗೆ ಆ ಎರಡು ದಿನಗಳು ಚಿಕ್ಕವಾಗಿರಲಿಲ್ಲ. ಮತದಾನಕ್ಕೆ ಮುಂಚಿನ ಸಮೀಕ್ಷೆಗಳ ಪರಿಣಾಮ ಇದಕ್ಕಿಂತ ಸೂಕ್ಷ್ಮ. ನಮ್ಮ ಹಳ್ಳಿಗಳಲ್ಲಿ ‘ಗಾಳಿ’ ಎಂಬ ಮಾತಿದೆ. ಯಾವ ಕಡೆ ಗಾಳಿ ಎಂದು ತಿಳಿದು ಆ ಕಡೆ ತೂರಿಕೊಳ್ಳುವವರು ಪ್ರತಿ ಊರಿನಲ್ಲಿಯೂ ಇರುತ್ತಾರೆ. 634 ಮತಗಳಲ್ಲಿ ತೀರ್ಮಾನವಾಗುವ ಕ್ಷೇತ್ರದಲ್ಲಿ ಊರಿಗೆ ನಾಲ್ಕಾರು ಜನರು ಗಾಳಿಗೆ ಓಗೊಟ್ಟರೆ ಫಲಿತಾಂಶವೇ ತಿರುಗೀತು. ಆಗ ಸಮೀಕ್ಷೆಯು ಅಳೆಯುವ ಕೋಲಾಗಿ ಉಳಿಯದೆ ತಕ್ಕಡಿಯಲ್ಲಿ ಬಿದ್ದ ತೂಕವಾಗುತ್ತದೆ. ಪ್ರಜಾಪ್ರತಿನಿಧಿ ಕಾಯಿದೆಗೆ 2009ರ ತಿದ್ದುಪಡಿಯಿಂದ ಸೇರಿದ 126ಎ ಕಲಮು, ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಮತದಾನೋತ್ತರ ಸಮೀಕ್ಷೆಯ ಪ್ರಕಟನೆಯನ್ನು ತಡೆದಿದೆ. ಒಳ್ಳೆಯದೇ. ಆದರೆ ಯಾವಾಗ ಹೇಳಬೇಕೆಂಬುದನ್ನು ಕಾಯಿದೆ ಗೊತ್ತುಪಡಿಸಿತೇ ಹೊರತು, ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನರು ಉತ್ತರಿಸಲಿಲ್ಲ, ಮತಗಳನ್ನು ಸ್ಥಾನಗಳಾಗಿ ಹೇಗೆ ಮಾಡಿದಿರಿ ಎಂಬುದನ್ನೂ ಕೂಡಿಯೇ ಹೇಳಬೇಕೆಂದು ಆ ಕಲಮು ಕಡ್ಡಾಯ ಮಾಡಲಿಲ್ಲ. ನಿಷೇಧ ನಮಗೆ ಬೇಡ. ಈ ಮೂರು ಉತ್ತರಗಳು ಬೇಕು.

ಕುಂದಗೋಳದ ಕಥೆ 2018ಕ್ಕೆ ಮುಗಿಯಲಿಲ್ಲ. ಸಚಿವರಾಗಿದ್ದ ಶಿವಳ್ಳಿಯವರು 2019ರ ಮಾರ್ಚಿನಲ್ಲಿ ತೀರಿಕೊಂಡರು. ಏಪ್ರಿಲ್ 23ರಂದು ಕ್ಷೇತ್ರದ ಜನರು ಧಾರವಾಡ ಲೋಕಸಭಾ ಸ್ಥಾನಕ್ಕೆ ಮತ ನೀಡಿದರು. ಮೇ 19ರಂದು ಅದೇ ಜನರು ವಿಧಾನಸಭೆಯ ಉಪಚುನಾವಣೆಗೆ ಮತ ನೀಡಿದರು. ಎರಡರ ಎಣಿಕೆಯೂ ಮೇ 23ರಂದೇ. ಲೋಕಸಭೆಗೆ ಭಾರತೀಯ ಜನತಾ ಪಕ್ಷದ ಪ್ರಹ್ಲಾದ ಜೋಶಿಯವರು ಎರಡು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಆರಿಸಿ ಬಂದರು. ಕುಂದಗೋಳಕ್ಕೆ ಶಿವಳ್ಳಿಯವರ ಪತ್ನಿ ಕುಸುಮಾವತಿಯವರು 77,640 ಮತಗಳನ್ನು ಪಡೆದು, 76,039 ಪಡೆದ ಚಿಕ್ಕನಗೌಡರ ಅವರನ್ನು 1,601 ಮತಗಳಿಂದ ಸೋಲಿಸಿದರು. ಕೂಡಿಸುವ ಲೆಕ್ಕದ ಪ್ರಕಾರ ಅಂತರ ಇನ್ನೂ ಹೆಚ್ಚಿರಬೇಕಾಗಿತ್ತು: ಜನತಾದಳವು ಆಗ ಕಾಂಗ್ರೆಸ್ಸಿನ ಮಿತ್ರಪಕ್ಷ, ಅದು ಅಭ್ಯರ್ಥಿಯನ್ನು ನಿಲ್ಲಿಸಿರಲಿಲ್ಲ; ಹಿಂದಿನ 634ಕ್ಕೆ ಅದರ ಏಳು ಸಾವಿರವನ್ನು ಸೇರಿಸಿದರೆ ಸುಮಾರು ಎಂಟು ಸಾವಿರ. ಜನರು ಹಾಗೆ ಕೂಡಲಿಲ್ಲ. ಇಬ್ಬರಿಗೂ ಸೇರಿ ಹಿಂದಿಗಿಂತ 24,571 ಮತಗಳು ಹೆಚ್ಚು ಬಂದವು, ಹೆಚ್ಚಿನವು ಇಬ್ಬರಿಗೂ ಹಂಚಿಹೋದವು. ದಿಲ್ಲಿಗೊಂದು, ಬೆಂಗಳೂರಿಗೊಂದು ವಿಚಾರವನ್ನು ನಾಲ್ಕು ವಾರಗಳ ಅಂತರದಲ್ಲಿ ಮನಸ್ಸಿನಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಂಡ ಮತದಾರರು ಅಲ್ಲಿ ಇದ್ದಿರಲೇಬೇಕು. ಅವರನ್ನು ಯಾವ ಪಕ್ಷದವರೆಂದು ಬರೆದುಕೊಳ್ಳಬೇಕು?

ಇಂಥ ಮತದಾರನನ್ನು ಚುನಾವಣೆಗೆ ಮುಂಚೆ ಕೇಳಿದರೆ ದೊರೆಯುವ ಉತ್ತರ ನಮ್ಮ ಸೀಮೆಯ ಎಲ್ಲರಿಗೂ ಪರಿಚಿತವಾದದ್ದು: ‘ನೋಡೂಣ್ರೀ.’ ಇದು ಅಜ್ಞಾನದ ಉತ್ತರವಲ್ಲ, ಉದಾಸೀನದ್ದೂ ಅಲ್ಲ. ಕೇಳಿದವನಿಗೆ ಮನ ನೋಯದಂತೆ ಬಾಗಿಲು ಮುಚ್ಚುವ ರೀತಿ. ಸಮೀಕ್ಷೆಯ ಕೋಷ್ಟಕದಲ್ಲಿ ಇದು ‘ಹೇಳಲಾರೆ’ ಎಂಬ ಕೊನೆಯ ಅಂಕಣಕ್ಕೆ ಹೋಗುತ್ತದೆ. ಆಮೇಲೆ ಆ ಅಂಕಣವನ್ನು ಅಳಿಸಿ, ಅದರೊಳಗಿನ ಜನರನ್ನು ಉಳಿದವರ ಪ್ರಮಾಣದಲ್ಲಿ ಎರಡೂ ಪಕ್ಷಗಳಿಗೆ ಹಂಚುವುದು ರೂಢಿ. ಸಾವಿರದಲ್ಲಿ ಐವರು ಆ ಅಂಕಣದಲ್ಲಿದ್ದು ಒಂದೇ ಕಡೆಗೆ ಹೊರಳಿದರೂ ಸಾಕು, ಕುಂದಗೋಳದ ಲೆಕ್ಕಾಚಾರವೆಲ್ಲ ವ್ಯರ್ಥ. ಸಂಸ್ಥೆಗಳು ಪ್ರಕಟಿಸುವ ಚಿತ್ರಗಳಲ್ಲಿ ಆ ಅಂಕಣವನ್ನು ಹುಡುಕಿದರೆ ಬಹಳ ಸಲ ಸಿಗುವುದಿಲ್ಲ.